ಸೆಮಿಸ್ಟರ್ ಕೊನೆಗೆ ಬೆಳಕಿನ ಗ್ರೀಟಿಂಗ್ ಕಾರ್ಡ್: ಪ್ರಾಜೆಕ್ಟೂ ಆಯಿತು, ಉಡುಗೊರೆಯೂ ಆಯಿತು

ಸೆಮಿಸ್ಟರ್ ಕೊನೆಯ ಪ್ರಾಜೆಕ್ಟ್‌ಗಳು ಅಂಕ ಬಿದ್ದ ಮರುದಿನವೇ ಕಪಾಟು ಸೇರುವುದು ಹೆಚ್ಚು. ಅದೇ ವಸ್ತು ಹಬ್ಬಕ್ಕೆ ಇನ್ನೊಬ್ಬರ ಕೈ ಸೇರಬೇಕು ಅಂದಾಗ ಮಕ್ಕಳ ಗಮನವೇ ಬೇರೆಯಾಗುತ್ತದೆ. ಮೇಷ್ಟ್ರ ಎದುರು ಒಮ್ಮೆ ದೀಪ ಹತ್ತಿದರೆ ಸಾಲದು, ವಾರ ಕಳೆದು ಯಾರದೋ ಮನೆಯಲ್ಲೂ ಹತ್ತಬೇಕು. ಕಾಗದದ ಮೇಲೆ ಎಲ್‌ಇಡಿ ಸರ್ಕ್ಯೂಟ್, ಜೊತೆಗೆ ದನಿಸಂದೇಶ ತೆರೆಯುವ ಒಂದು ಕ್ಯೂಆರ್ ಕೋಡ್ ಇರುವ ಈ ಕಾರ್ಡನ್ನು 45 ನಿಮಿಷದ ಮೂರು ಪೀರಿಯಡ್‌ಗಳಲ್ಲಿ ಮಾಡಿ ಮುಗಿಸಬಹುದು.

ಸಾಮಾನು

ಒಂದು ಕಾರ್ಡಿಗೆ: 200ರಿಂದ 250 ಜಿಎಸ್‌ಎಂ ದಪ್ಪದ ಎ4 ಹಾಳೆ ಒಂದು, ಒಂದೇ ಬಣ್ಣದ 5 ಮಿ.ಮೀ. ಎಲ್‌ಇಡಿ ಮೂರು, ಸಿಆರ್ 2032 ಬಟನ್ ಸೆಲ್ ಒಂದು, 5 ಮಿ.ಮೀ. ಅಗಲದ ತಾಮ್ರದ ಟೇಪ್ ಸುಮಾರು 60 ಸೆಂ.ಮೀ., 19 ಮಿ.ಮೀ. ಬೈಂಡರ್ ಕ್ಲಿಪ್ ಒಂದು, ಸ್ವಲ್ಪ ಸೆಲೋಟೇಪ್. ಮೂವತ್ತು ಮಕ್ಕಳ ತರಗತಿಗೆ 100 ಎಲ್‌ಇಡಿ, 35 ಸೆಲ್, 22 ಮೀಟರ್ ಟೇಪ್ ತರಿಸಿಡಿ. ಕಾಲು ಮುರಿದ ಎಲ್‌ಇಡಿ, ಗಂಟುಬಿದ್ದ ಟೇಪ್ ಎರಡೂ ಖಂಡಿತ ಬರುತ್ತವೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಡೀ ತರಗತಿಗೆ ಒಂದು ಸಾಕು.

ತಾಮ್ರದ ಟೇಪ್ ದುಬಾರಿ ಅನ್ನಿಸಿದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು 1 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ ಗ್ಲೂ ಸ್ಟಿಕ್‌ನಿಂದ ಅಂಟಿಸಬಹುದು. ಕೆಲಸ ನಡೆಯುತ್ತದೆ, ಆದರೆ ಫಾಯಿಲ್ ಬೇಗ ಹರಿಯುತ್ತದೆ, ಅದರ ಮೇಲೆ ಸಾಮಾನ್ಯ ಬೆಸುಗೆಯೂ ಕೂರುವುದಿಲ್ಲ. ಸೆಲ್‌ನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಹಳೆಯ ಸರಕಿನ ಸೆಲ್ ತರಗತಿಯಲ್ಲಿ ಹತ್ತಿ, ಮನೆಯಲ್ಲಿ ಕೈಕೊಡುತ್ತದೆ. ಹೊಸ ಸೆಲ್ ಮಲ್ಟಿಮೀಟರ್‌ನಲ್ಲಿ 3 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸಬೇಕು.

ಒಂದೇ ಬಣ್ಣ ಯಾಕೆ

ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್‌ಗೇ ಹತ್ತುತ್ತದೆ. ನೀಲಿ, ಬಿಳಿ ಎಲ್‌ಇಡಿಗೆ ಹತ್ತಿರಹತ್ತಿರ 3 ವೋಲ್ಟ್ ಬೇಕು. ಎರಡನ್ನೂ ಸಮಾಂತರವಾಗಿ, ಅಂದರೆ ಏಣಿಯ ಮೆಟ್ಟಿಲುಗಳಂತೆ, ಒಂದೇ ಸೆಲ್‌ಗೆ ಜೋಡಿಸಿದರೆ ಕೆಂಪು ಎಲ್‌ಇಡಿ ಕರೆಂಟನ್ನೆಲ್ಲ ಎಳೆದುಕೊಂಡು ವೋಲ್ಟೇಜನ್ನು ಕೆಳಗಿಳಿಸುತ್ತದೆ, ಬಿಳಿ ಕಪ್ಪಗೆ ಉಳಿಯುತ್ತದೆ. ಮಕ್ಕಳು ‘ಬಿಳಿ ಎಲ್‌ಇಡಿ ಕೆಟ್ಟಿದೆ’ ಎಂದು ಓಡಿ ಬರುವುದು ಇಲ್ಲೇ. ಉತ್ತರ ಮೊದಲೇ ಹೇಳಿಬಿಡಬೇಡಿ. ಕೆಂಪನ್ನು ಕಿತ್ತು ನೋಡಲಿ, ಬಿಳಿ ತಾನೇ ಹತ್ತುತ್ತದೆ. ಪಾಠದ ಅರ್ಧ ಅಲ್ಲೇ ಮುಗಿಯಿತು.

ಕರೆಂಟಿಗೆ ಮಿತಿ ಹಾಕುವ ರೆಸಿಸ್ಟರ್ ಪ್ರತ್ಯೇಕವಾಗಿ ಇಲ್ಲದೆ ನಡೆಯುವುದು ಬಟನ್ ಸೆಲ್‌ನ ಒಳರೋಧವೇ ಕರೆಂಟನ್ನು ಹಿಡಿದಿಡುವುದರಿಂದ. ಈ ಸರ್ಕ್ಯೂಟಿಗೆ ಪೆನ್ಸಿಲ್ ಸೆಲ್‌ಗಳನ್ನೋ ಯುಎಸ್‌ಬಿ ಚಾರ್ಜರನ್ನೋ ಜೋಡಿಸಲು ಹೊರಟರೆ ಆ ರಕ್ಷಣೆ ಇರುವುದಿಲ್ಲ, ಎಲ್‌ಇಡಿ ಸುಟ್ಟೀತು.

ಮೊದಲ ಪೀರಿಯಡ್: ಗೆರೆ ಮತ್ತು ಟೇಪ್

ಹಾಳೆಯನ್ನು ನಡುವೆ ಮಡಚಿ ಕಾರ್ಡ್ ಮಾಡಿ. ಸರ್ಕ್ಯೂಟ್ ಬರುವುದು ಒಳಗಿನ ಬಲ ಪುಟದಲ್ಲಿ, ಬೆಳಕು ಕಾಣುವುದು ಮುಚ್ಚಿದ ಮುಖಪುಟದಲ್ಲಿ ಚುಚ್ಚಿದ ರಂಧ್ರಗಳ ಮೂಲಕ.

ಬಲ ಪುಟದ ಕೆಳ ಬಲಮೂಲೆಯಿಂದ ಎರಡೂ ಅಂಚಿನಲ್ಲಿ 5 ಸೆಂ.ಮೀ. ಗುರುತು ಹಾಕಿ, ಆ ಗೆರೆಯಲ್ಲಿ ಮೂಲೆಯನ್ನು ಒಳಕ್ಕೆ ಮಡಚಿ. ಮಡಿಕೆ ಎಲ್ಲಿ ಕೂರುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದು ಬಿಡಿಸಿ. ಆ ತ್ರಿಕೋನದೊಳಗೆ, ಮಡಿಕೆ ಗೆರೆಗೆ ತಾಗುವಂತೆ ಸೆಲ್ ಇಟ್ಟು ವೃತ್ತ ಬರೆಯಿರಿ. ಸೆಲ್‌ನ ವ್ಯಾಸ 20 ಮಿ.ಮೀ., ದಪ್ಪ 3.2 ಮಿ.ಮೀ. ಹಾಗಾಗಿ 5 ಸೆಂ.ಮೀ.ಗಿಂತ ಚಿಕ್ಕ ಮೂಲೆಯಲ್ಲಿ ಅದು ಇಕ್ಕಟ್ಟಾಗುತ್ತದೆ.

ಮೇಲುಭಾಗದಲ್ಲಿ 2 ಸೆಂ.ಮೀ. ಅಂತರದಲ್ಲಿ ನಿಂತ ಎರಡು ಗೆರೆಗಳನ್ನು ಏಣಿಯ ಕಂಬಗಳಂತೆ ಎಳೆಯಿರಿ: ಬಲಗಡೆಯದು ಧನ, ಎಡಗಡೆಯದು ಋಣ. ಋಣದ ಟೇಪ್ ಎಡಗಂಬದಿಂದ ಇಳಿದು, ಎಡದಿಂದಲೇ ಬಂದು ವೃತ್ತದ ನಡುವೆ ನಿಲ್ಲಲಿ. ಧನದ ಟೇಪ್ ಬಲ ಅಂಚಿನ ಪಕ್ಕದಲ್ಲಿ ಇಳಿದು, ಮಡಿಕೆ ಗೆರೆ ದಾಟಿ, ಮೂಲೆಯ ಮೇಲೆ ಬಂದು ಮುಗಿಯಲಿ. ಮಡಚಿದಾಗ ಅದರ ತುದಿ ಸೆಲ್‌ನ ಬೆನ್ನ ನಡುವೆ ಕೂರಬೇಕು. ಅದಕ್ಕಿಂತ ಮುಂದೆ ಚಾಚಿದರೆ ಕೆಳಗಿನ ಋಣದ ಟೇಪನ್ನು ಮುಟ್ಟಿ ಶಾರ್ಟ್ ಆಗುತ್ತದೆ, ಅಂದರೆ ಕರೆಂಟ್ ಎಲ್‌ಇಡಿಗೆ ಹೋಗದೆ ನೇರ ಹರಿದುಬಿಡುತ್ತದೆ.

ಸೆಲ್‌ನ ಋಣ ಮುಖವೇ ಕೆಳಗಿರಲಿ. + ಗುರುತಿರುವ ಮುಖ ಮಾತ್ರವಲ್ಲ, ಸೆಲ್‌ನ ಸುತ್ತಲಿನ ಅಂಚೂ ಧನವೇ. ಮಡಚಿದ ಮೂಲೆಯ ಟೇಪ್ ಅಂಚಿಗೆ ತಾಗಿಯೇ ತಾಗುತ್ತದೆ, ಧನ ಮೇಲಿದ್ದರೆ ಅದರಿಂದ ತೊಂದರೆಯಿಲ್ಲ. ಉಲ್ಟಾ ಇಟ್ಟವರ ಎಲ್‌ಇಡಿ ಹತ್ತುವುದಿಲ್ಲ. ಸೆಲ್ ಶಾರ್ಟ್ ಆಗುವ ಸಾಧ್ಯತೆಯೂ ಇದೆ.

ತಿರುವಿನಲ್ಲಿ ಟೇಪ್ ಕತ್ತರಿಸಬೇಡಿ. ಮೊದಲು ಬೇಡದ ದಿಕ್ಕಿಗೆ ಮಡಚಿ, ಆಮೇಲೆ ಬೇಕಾದ ದಿಕ್ಕಿಗೆ ತಿರುಗಿಸಿ ಉಗುರಿನಿಂದ ಒತ್ತಿ. ಕತ್ತರಿಸಿ ಮೇಲೆ ಇನ್ನೊಂದು ತುಂಡು ಅಂಟಿಸಿದರೆ ನಡುವೆ ಅಂಟು ಬರುತ್ತದೆ, ಅಗ್ಗದ ಟೇಪ್‌ಗಳಲ್ಲಿ ಆ ಅಂಟು ವಿದ್ಯುತ್ ಹಾಯಲು ಬಿಡುವುದಿಲ್ಲ. ಈ ಪ್ರಾಜೆಕ್ಟ್‌ನಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ನೋಡಲು ಟೇಪ್ ಕೂಡಿಕೊಂಡೇ ಇರುತ್ತದೆ, ಕರೆಂಟ್ ಮಾತ್ರ ಹರಿಯುವುದಿಲ್ಲ.

ಎರಡನೇ ಪೀರಿಯಡ್: ಎಲ್‌ಇಡಿ ಮತ್ತು ಸ್ವಿಚ್

ಪ್ರತಿ ಎಲ್‌ಇಡಿಯನ್ನೂ ಮೊದಲು ಸೆಲ್‌ಗೆ ನೇರವಾಗಿ ಹಿಡಿದು ಪರೀಕ್ಷಿಸಿ: ಉದ್ದ ಕಾಲು ಧನಕ್ಕೆ, ಗಿಡ್ಡ ಕಾಲು ಋಣಕ್ಕೆ. ಕಾಲುಗಳನ್ನು ಎರಡು ಬದಿಗೆ ಬಗ್ಗಿಸುವ ಮುನ್ನ ಉದ್ದದ್ದಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಸಿ. ಬಗ್ಗಿಸಿ ಕತ್ತರಿಸಿದ ಮೇಲೆ ಯಾವುದು ಯಾವುದೆಂದು ಹೊರಗಿನಿಂದ ಗೊತ್ತಾಗುವುದು ಕಷ್ಟ. ಕಾಲುಗಳನ್ನು ಟೇಪ್ ಮೇಲೆ ಇಟ್ಟು, ಇನ್ನೊಂದು ತುಂಡು ತಾಮ್ರದ ಟೇಪ್ ಹೊದಿಸಿ, ಚಮಚದ ಬೆನ್ನಿನಿಂದ ಉಜ್ಜಿ, ಅದರ ಮೇಲೆ ಸೆಲೋಟೇಪ್ ಹಾಕಿ. ದೊಡ್ಡ ತರಗತಿಯವರಾದರೆ ಪ್ರತಿ ಕಾಲಿಗೂ ಒಂದು ಚುಕ್ಕೆ ಬೆಸುಗೆ ಹಾಕಿಸಿ. ಎರಡು ಸೆಕೆಂಡಿನಲ್ಲಿ ಬೆಸುಗೆ ಕಡ್ಡಿ ತೆಗೆದರೆ ಕಾಗದ ಸುಡುವುದಿಲ್ಲ.

ಸ್ವಿಚ್ ಬೇಕೇ ಬೇಕು. ಸಿಆರ್ 2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ, ಆದರೆ ಆ ಲೆಕ್ಕ ತೀರಾ ಸಣ್ಣ ಕರೆಂಟಿನದು. ಮೂರು ಎಲ್‌ಇಡಿ ಒಟ್ಟಿಗೆ ಉರಿದರೆ ಭಾಗಾಕಾರ ಹೇಳುವುದಕ್ಕಿಂತ ಬೇಗ ಮಂಕಾಗುತ್ತದೆ. ಧನದ ಟೇಪ್‌ನಲ್ಲಿ 5 ಮಿ.ಮೀ. ಕತ್ತರಿಸಿ ತೆಗೆಯಿರಿ. ಕಾಗದದ ಸಣ್ಣ ಪಟ್ಟಿಯ ಕೆಳಗೆ ತಾಮ್ರದ ತುಂಡು ಅಂಟಿಸಿ, ಪಟ್ಟಿಯ ಒಂದು ತುದಿಯನ್ನು ಮಾತ್ರ ಪುಟಕ್ಕೆ ಅಂಟಿಸಿ, ತಾಮ್ರ ಆ ಖಾಲಿ ಜಾಗದ ಮೇಲೆ ಬರಲಿ. ಕಾರ್ಡ್ ಮುಚ್ಚಿ ಮುಖಪುಟದ ಮೇಲೆ ಅಲ್ಲಿ ‘ಇಲ್ಲಿ ಒತ್ತಿ’ ಎಂದು ಬರೆದರೆ ಸ್ವಿಚ್ ಸಿದ್ಧ. ಸೆಲ್ ಇಟ್ಟು, ಮೂಲೆ ಮಡಚಿ, ಮಡಿಕೆಯ ಮೇಲೆ ಕ್ಲಿಪ್ ಹಾಕಿ.

ಹತ್ತದಿದ್ದರೆ ಈ ಕ್ರಮದಲ್ಲಿ ಹುಡುಕಿ: ಸೆಲ್ ತಿರುಗಿದೆಯೇ, ಎಲ್‌ಇಡಿ ತಿರುಗಿದೆಯೇ, ತಿರುವಿನಲ್ಲಿ ಟೇಪ್ ಬಿರುಕು ಬಿಟ್ಟಿದೆಯೇ. ಕ್ಲಿಪ್ ಒತ್ತಿದಾಗ ಮಾತ್ರ ಹತ್ತಿದರೆ ಸಂಪರ್ಕ ಸಡಿಲ. ಸೆಲ್ ಬೆಚ್ಚಗಾದರೆ ಶಾರ್ಟ್, ಮೊದಲು ಅದನ್ನು ಹೊರತೆಗೆಯಿರಿ.

ಮೂರನೇ ಪೀರಿಯಡ್: ದನಿ ಮತ್ತು ಕ್ಯೂಆರ್

ಮೊಬೈಲಿನಲ್ಲಿ 20ರಿಂದ 30 ಸೆಕೆಂಡಿನ ಸಂದೇಶ ರೆಕಾರ್ಡ್ ಮಾಡಿ ಆನ್‌ಲೈನ್ ಡ್ರೈವ್‌ಗೆ ಹಾಕಿ, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದಾದ ಅನುಮತಿ ಕೊಡಿ. ಕಡತ ಸಂಸ್ಥೆಯ ಖಾತೆಯಲ್ಲಿದ್ದರೆ ಹೊರಗಿನವರಿಗೆ ತೆರೆಯದಿರಬಹುದು. ಖಾತೆ ಮುಚ್ಚಿದ ದಿನ ಉಡುಗೊರೆಯೂ ಮೂಕವಾಗುತ್ತದೆ. ಕೋಡ್ ‘ಸ್ಟ್ಯಾಟಿಕ್’ ಆಗಿರಲಿ, ಅಂದರೆ ಲಿಂಕ್ ಕೋಡ್‌ನೊಳಗೇ ಇರಲಿ. ‘ಡೈನಾಮಿಕ್’ ಕೋಡ್‌ಗಳು ತಯಾರಕರ ಸರ್ವರ್ ಮೂಲಕ ಹಾಯುತ್ತವೆ, ಉಚಿತ ಅವಧಿ ಮುಗಿದರೆ ನಿಂತುಹೋಗಬಹುದು.

ಲಿಂಕ್ ಬೇಡ, ಕನ್ನಡದ ಸಾಲನ್ನೇ ಕೋಡ್‌ನಲ್ಲಿ ತುಂಬುತ್ತೇವೆ ಅನ್ನುವವರು ಒಂದು ಲೆಕ್ಕ ಮಾಡಲಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಕೊಂಬು, ದೀರ್ಘಗಳೂ ಬೇರೆ ಬೇರೆ ಚಿಹ್ನೆಗಳೇ. ನಾಲ್ಕೇ ಅಕ್ಷರದ ‘ಶುಭಾಶಯ’ 18 ಬೈಟ್ ಆಗುತ್ತದೆ. 57×57 ಚೌಕಗಳ ಕೋಡ್, ದೋಷನಿವಾರಣೆಯ ಕನಿಷ್ಠ ಮಟ್ಟದಲ್ಲಿ, 271 ಬೈಟ್ ಹಿಡಿಯುತ್ತದೆ. ಎರಡು ಸಾಲಿನ ಹಾರೈಕೆಗೆ ಸಾಕು, ಪತ್ರಕ್ಕೆ ಸಾಲದು.

ಕೋಡನ್ನು 3 ಸೆಂ.ಮೀ. ಚೌಕದಲ್ಲಿ, ಬಿಳಿ ಕಾಗದದ ಮೇಲೆ ಕಪ್ಪಿನಲ್ಲೇ ಮುದ್ರಿಸಿ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಇರಬೇಕು, ಚೆಂದಕ್ಕೆಂದು ಅಲ್ಲಿ ಬಳ್ಳಿ ಬಿಡಿಸಿದರೆ ಸ್ಕ್ಯಾನ್ ತಪ್ಪುತ್ತದೆ. ಖಾತೆಗೆ ಲಾಗಿನ್ ಆಗಿರದ ಫೋನಿನಲ್ಲಿ ಒಮ್ಮೆ ತೆರೆದು ನೋಡಿಯೇ ಅಂಟಿಸಿ.

ಅಂಕ ಮತ್ತು ಹಸ್ತಾಂತರ

ಅಂದಕ್ಕಿಂತ ದೋಷಪಟ್ಟಿಗೆ ಹೆಚ್ಚು ಅಂಕ ಕೊಡಿ: ಏನು ಕೆಟ್ಟಿತು, ಹೇಗೆ ಪತ್ತೆಯಾಯಿತು, ಏನು ಬದಲಿಸಿದರು. ಕಾರ್ಡುಗಳನ್ನು ಎರಡು ದಿನ ಇಟ್ಟು, ಐದು ಬಾರಿ ತೆರೆದು ಮುಚ್ಚಿ, ಮತ್ತೆ ಒತ್ತಿ ನೋಡಿ. ಸಡಿಲ ಕಾಲುಗಳು ಆಗ ಹೊರಬೀಳುತ್ತವೆ.

ಕೊಡುವ ಮುನ್ನ ಸೆಲ್ ಮತ್ತು ಟೇಪ್ ನಡುವೆ ಕಾಗದದ ನಾಲಿಗೆ ತೂರಿಸಿ, ‘ಎಳೆಯಿರಿ’ ಎಂದು ಬರೆಯಿರಿ. ಪುಟ್ಟ ಮಕ್ಕಳಿರುವ ಮನೆಗೆ ಈ ಕಾರ್ಡ್ ಕೊಡಬೇಡಿ: ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ತೀವ್ರವಾಗಿ ಸುಡಬಲ್ಲದು, ಕ್ಲಿಪ್ ಅದನ್ನು ತಡೆಯುವ ಬೀಗವಲ್ಲ. ಖಾಲಿಯಾದ ಸೆಲ್‌ನ ಎರಡೂ ಮುಖಕ್ಕೆ ಸೆಲೋಟೇಪ್ ಸುತ್ತಿ, ಮನೆಯ ಕಸಕ್ಕೆ ಸೇರಿಸದೆ ಬ್ಯಾಟರಿ ಮರುಬಳಕೆಗೆ ಕೊಡಿ.