ಮಧ್ಯಾಹ್ನ ಮಾತ್ರ ಕೈಕೊಡುತ್ತಿದ್ದ ಸರ್ವರ್

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆ ಒಂದು ಸಗಟು ಅಂಗಡಿ. ಏಪ್ರಿಲ್ ತಿಂಗಳು. ಸಾವ್ಕಾರರು ಫೋನ್ ಮಾಡಿದರು. "ತಮ್ಮಾ, ಸರ್ವರ್ ಮತ್ತೆ ಮಲಗೈತಿ. ಬಿಲ್ ಹೊಡೆಯಕ್ಕೆ ಆಗ್ತಿಲ್ಲ, ಬೇಗ ಬಾ."

ಹೆಸರಿಗೆ ಸರ್ವರ್, ಒಳಗೆ ಅಸೆಂಬಲ್ಡ್ ಪಿಸಿ. ತಗಡಿನ ಸೂರಿನ ಕೆಳಗೆ, ಅಟ್ಟದ ಮೇಲೆ ಇಟ್ಟಿದ್ದರು. ಲಿನಕ್ಸ್ ಹಾಕಿ, ಬಿಲ್ಲಿಂಗ್ ಡೇಟಾಬೇಸ್ ಓಡಿಸುತ್ತಿದ್ದರು. ನನಗಿಂತ ಮುಂಚೆ ಬಂದವರು ಹಾರ್ಡ್‌ಡಿಸ್ಕ್ ಬದಲಾಯಿಸಿ ಹೋಗಿದ್ದರಂತೆ. ಆಮೇಲೂ ಅದೇ ಕಥೆ.

ತೆಗೆದಿಟ್ಟಿದ್ದ ಹಳೇ ಡಿಸ್ಕನ್ನೇ ಮೊದಲು ನೋಡಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ ನಾನು ನೋಡುವುದು ಮುಖ್ಯವಾಗಿ ನಾಲ್ಕು ಸಾಲು: 5, 197, 198, 199. ಮೊದಲ ಮೂರು ಏರುತ್ತಿದ್ದರೆ ಡಿಸ್ಕಿನ ಮೇಲ್ಮೈಯೇ ಹಾಳಾಗುತ್ತಿದೆ ಅಂತ. 199 ಮಾತ್ರ ಏರಿದ್ದರೆ ಬಹಳ ಸಲ ಕೇಬಲ್ ಸಡಿಲ. ಇಲ್ಲಿ ಮೂರೂ ಸೊನ್ನೆ, 199 ಮಾತ್ರ ಏರಿತ್ತು. ಪಾಪ, ಡಿಸ್ಕಿನ ತಪ್ಪೇನೂ ಇರಲಿಲ್ಲ. ಕೇಬಲ್ ಬದಲಾಯಿಸಿದೆ. ಸರ್ವರ್ ಮರುದಿನ ಮಧ್ಯಾಹ್ನ ಮತ್ತೆ ನಿಂತಿತು.

ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಫೈಲಲ್ಲಿ ದೋಷದ ಒಂದು ಸಾಲೂ ಇಲ್ಲ. ಮಾತಾಡುತ್ತಾ ಇದ್ದವರು ಅರ್ಧಕ್ಕೇ ಬಾಯಿ ಮುಚ್ಚಿದ ಹಾಗೆ ನಿಂತಿದೆ. ಹಾಗಾದಾಗ ನನಗೆ ಮೊದಲ ಅನುಮಾನ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ಮೇಲೆ, ಆಮೇಲೆ ಮೆಮೊರಿ ಮೇಲೆ. ಮಲ್ಟಿಮೀಟರ್ ಹಿಡಿದೆ. ಹಳದಿ ತಂತಿಯಲ್ಲಿ 12.1 ವೋಲ್ಟ್. 11.4ರಿಂದ 12.6ರ ಒಳಗಿದ್ದರೆ ಸರಿ. ಮೇಲೆ ಉಬ್ಬಿದ ಕೆಪಾಸಿಟರ್ ಕೂಡ ಕಾಣಲಿಲ್ಲ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ನೋಡಿದರೆ ಒಂದೂ ಎರರ್ ಇಲ್ಲ. ನಾನು ಎಡವಿದ್ದು ಇಲ್ಲೇ. ಮೆಮೊರಿ ಸರಿ ಇದೆ ಅಂತ ಬರೆದುಕೊಂಡು, ಎರಡು ದಿನ ಸುಮ್ನೆ ಬೇರೆ ಕಡೆ ಹುಡುಕಿದೆ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ಗೊತ್ತಾಗುತ್ತದೆ? ಸರ್ವರ್ ನಿಲ್ಲುತ್ತಿದ್ದುದು ಎರಡರಿಂದ ನಾಲ್ಕು ಗಂಟೆಯೊಳಗೆ, ತಗಡು ಕಾದಾಗ.

ಸಾವ್ಕಾರರನ್ನು ಒಪ್ಪಿಸಿದೆ. "ಮೂರು ದಿನ ಮಧ್ಯಾಹ್ನ ಕೈಯಲ್ಲೇ ಬಿಲ್ ಬರೀರಿ ಸಾವ್ಕಾರ್ರೇ." ಗೊಣಗಿದರು, ಆದರೂ ಬರೆದರು. ಎರಡು ಗಂಟೆಗೆ ಟೆಸ್ಟ್ ಹಾಕಿದರೆ ಇಪ್ಪತ್ತು ನಿಮಿಷಕ್ಕೇ ಕೆಂಪು ಸಾಲುಗಳು! ಇಸಿಸಿ ಮೆಮೊರಿ ಇದ್ದಿದ್ದರೆ ಒಂದು ಬಿಟ್‌ನ (0 ಅಥವಾ 1ರ) ತಪ್ಪನ್ನು ತಾನೇ ತಿದ್ದಿ, ಲಾಗ್‌ನಲ್ಲೂ ಬರೆಯುತ್ತಿತ್ತು. ಇದರಲ್ಲಿ ಅದಿಲ್ಲ. ತಪ್ಪು ಅಕ್ಷರ ಸದ್ದಿಲ್ಲದೆ ಡೇಟಾಬೇಸ್ ಸೇರಬಹುದು. ಹ್ಯಾಂಗ್ ಆಗುವುದಕ್ಕಿಂತ ನನಗೆ ಅದೇ ಜಾಸ್ತಿ ಭಯ.

ಒಳಗೆ 4 ಜಿಬಿಯ ನಾಲ್ಕು ಮೆಮೊರಿ ಕಡ್ಡಿ. ಹೊಸದು ತರಿಸುವ ಮುಂಚೆ ಒಂದೊಂದನ್ನೇ ಮೊದಲ ಸ್ಲಾಟಿಗೆ ಹಾಕಿ ನೋಡಿದೆ, ಅದೂ ಮಧ್ಯಾಹ್ನವೇ. ನಾಲ್ಕೂ ಪಾಸ್. ಆಮೇಲೆ ಒಂದೇ ಕಡ್ಡಿಯನ್ನು ನಾಲ್ಕೂ ಸ್ಲಾಟಿನಲ್ಲಿ ತಿರುಗಿಸಿದೆ. ಮೂರನೇ ಸ್ಲಾಟಿಗೆ ಬಂದಾಗ ಎರರ್. ಕಡ್ಡಿ ಬದಲಾಯಿಸಿ ನೋಡಿದೆ, ಮತ್ತೆ ಅಲ್ಲೇ ಎರರ್. ಕಡ್ಡಿಯದಲ್ಲ, ಸ್ಲಾಟಿನದೇ ತೊಂದರೆ.

ಟಾರ್ಚ್ ಬಿಟ್ಟು ನೋಡಿದೆ. ಭಟ್ಟಿಯ ಮಸಿ, ಜೊತೆಗೆ ಭತ್ತದ ಹೊಟ್ಟಿನ ಧೂಳು, ಸ್ಲಾಟಿನ ಸಂದಿಯಲ್ಲಿ ಅಂಟಿಕೊಂಡಿತ್ತು. ಪವರ್ ತಂತಿ ಕಿತ್ತು, ಒಣ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆದೆ. ಬಾಯಿಂದ ಊದುವ ಅಭ್ಯಾಸ ಬೇಡ, ಉಗುಳಿನ ಹನಿ ಬೀಳುತ್ತದೆ. ಪ್ರೊಸೆಸರ್ ಮೇಲಿನ, ಶಾಖ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳೂ ಕಟ್ಟಿಕೊಂಡಿದ್ದವು, ಅದನ್ನೂ ಬಿಡಿಸಿದೆ.

ಒಂದು ದಿನ ಚೆನ್ನಾಗಿತ್ತು. ಮರುದಿನ ಮೂರು ಗಂಟೆಗೆ ಟೆಸ್ಟಿನಲ್ಲಿ ಮತ್ತೆ ಎರಡು ಎರರ್. ಮದರ್‌ಬೋರ್ಡ್ ಬದಲಾಯಿಸಬೇಕು ಅಂದೆ. ಸಾವ್ಕಾರರು ಕೈ ಮುಗಿದರು. ಸರಿ, ಮೂರನೇ ಸ್ಲಾಟನ್ನೂ ಅದರ ಜೋಡಿ ಸ್ಲಾಟನ್ನೂ ಖಾಲಿ ಬಿಟ್ಟೆ.

"ಅರ್ಧ ಮೆಮೊರಿ ಕಿತ್ತೇಬಿಟ್ಟೆಲ್ಲಪ್ಪಾ!"

"ನಿಮ್ಮ ಬಿಲ್ಲಿಂಗ್ ತಿನ್ನೋದು 3 ಜಿಬಿ. ಇನ್ನೂ 8 ಇದೆ."

ಸರ್ವರ್ ಈಗ ಅಟ್ಟದಿಂದ ಇಳಿದು, ಗಲ್ಲಾಪೆಟ್ಟಿಗೆ ಪಕ್ಕ ಕೂತಿದೆ. ಸುಮ್ನೆ ಬೈಸಿಕೊಂಡ ಆ ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿಕೊಟ್ಟೆ. ದಿನಾ ರಾತ್ರಿ ಬ್ಯಾಕಪ್ ಅದಕ್ಕೇ ಹೋಗುತ್ತದೆ.