ತೋಟದ ಮನೆಯ ಕರೆಂಟಿನಲ್ಲಿ ಇವಿ ಕಾರು: ನನ್ನ ವೈರಿಂಗ್, ನನ್ನ ಲೆಕ್ಕ

ಪುತ್ತೂರು ಕಡೆಯ ತೋಟದ ಮನೆಗೆ ಎಲೆಕ್ಟ್ರಿಕ್ ಕಾರು ಹೇಳಿದ್ದಲ್ಲ ಎಂದು ಊರಿಡೀ ಹೇಳಿದರು. ವೋಲ್ಟೇಜ್ ಇಲ್ಲ, ಶಿರಾಡಿ ಘಾಟಿ ಹತ್ತುವಾಗ ಬ್ಯಾಟರಿ ಬರಿದಾಗುತ್ತದೆ, ಪೆಟ್ರೋಲಿಗಿಂತ ಹೆಚ್ಚು ಕೊಟ್ಟ ದುಡ್ಡು ವಾಪಸು ಬರುವುದಿಲ್ಲ ಎಂಬ ಮೂರು ಮಾತು. 2023ರ ಕೊನೆಗೆ 40.5 ಯೂನಿಟ್ ಬ್ಯಾಟರಿಯ ಕಾರು ತಂದೆ. ಮೂರಕ್ಕೂ ಈಗ ಅಂಕಿಯಲ್ಲೇ ಉತ್ತರ ಕೊಡಬಲ್ಲೆ. ಅದೂ ಕಾರಿನ ಜೊತೆ ಬಂದ 7.2 ಕಿಲೋವ್ಯಾಟ್ ಚಾರ್ಜರ್ ಬಾಕ್ಸನ್ನು ಗೋಡೆಗೆ ಹಾಕದೆ. 3.3ರ ನಿಧಾನ ಚಾರ್ಜರ್, ದಪ್ಪ ಕೇಬಲ್, ಸರಿಯಾದ ಅರ್ಥಿಂಗ್ ಇದ್ದರೆ ಹಳ್ಳಿಗೆ ಧಾರಾಳ ಸಾಕು.

ಮೊದಲು ವೋಲ್ಟೇಜ್. ಲೈನಿನಲ್ಲಿ ಕರೆಂಟೇ ಇಲ್ಲ ಎಂದು ಎಲ್ಲರೂ ಟ್ರಾನ್ಸ್‌ಫಾರ್ಮರ್ ಕಡೆ ಬೆರಳು ತೋರಿಸುತ್ತಾರೆ. ಮೀಟರ್ ಹಿಡಿದು ನೋಡಿದರೆ ಕಳ್ಳ ಬೇರೆ ಕಡೆ ಇರುತ್ತಾನೆ. ಕಂಬದಿಂದ ಮನೆಗೆ ನೂರೈವತ್ತು ಮೀಟರ್ ದೂರ, ಹಳೆಯ 4 ಚದರ ಮಿ.ಮೀ. ಅಲ್ಯೂಮಿನಿಯಂ ಸರ್ವಿಸ್ ವೈರ್. ಹೋಗಿ ಬರುವ ಎರಡೂ ಎಳೆ ಸೇರಿ ರೆಸಿಸ್ಟೆನ್ಸ್ 2 ಓಮ್ ದಾಟುತ್ತದೆ. 15 ಆಂಪಿಯರ್ ಎಳೆದ ಕೂಡಲೇ 30 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಹೋಯಿತು. ಕಾರು ಹಾಕುವ ಮೊದಲು 212 ತೋರಿಸುತ್ತಿದ್ದದ್ದು ಹಾಕಿದ ಮೇಲೆ 180, ಅದಕ್ಕೂ ಕೆಳಗೆ. ಚಾರ್ಜರ್ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಅರ್ಧವೂ ತುಂಬಿಲ್ಲ. ಇದೇ ವೈರಿನಲ್ಲಿ 7.2ರ ಬಾಕ್ಸ್ 32 ಆಂಪಿಯರ್ ಎಳೆದರೆ 70 ವೋಲ್ಟ್ ಬೀಳುತ್ತದೆ. ಮನೆಯ ಫ್ರಿಜ್ ಕೂಡ ಸುಟ್ಟೀತು.

ಸ್ಟೆಬಿಲೈಸರ್ ಪರಿಹಾರ ಅಲ್ಲ. 5 ಕೆವಿಎ ಸರ್ವೋ ತಂದು ನೋಡಿದ್ದಾಯಿತು. ಔಟ್‌ಪುಟ್ ವೋಲ್ಟೇಜ್ ಏರಿಸಲು ಅದು ಇನ್‌ಪುಟ್ಟಿನಿಂದ ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ವೈರಿನಲ್ಲಿ ಇನ್ನಷ್ಟು ಬೀಳುತ್ತದೆ. ಜೊತೆಗೆ ನೂರಕ್ಕೆ ನಾಲ್ಕೈದು ಯೂನಿಟ್ ಬಿಸಿಯಾಗಿಯೇ ಹೋಗುತ್ತದೆ. ಸರ್ವಿಸ್ ವೈರನ್ನೇ 16 ಚದರ ಮಿ.ಮೀ.ಗೆ ಬದಲಿಸಿದ ಮೇಲೆ ಅದೇ 15 ಆಂಪಿಯರಿಗೆ ಬೀಳುವುದು 8–9 ವೋಲ್ಟ್ ಮಾತ್ರ. ಕಂಬದ ತುದಿಯಲ್ಲೂ ಮೀಟರ್ ಬೋರ್ಡಿನಲ್ಲೂ ಬೈಮೆಟಲ್ ಲಗ್ ಹಾಕಿಸಿ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಬರೀ ತಿರುಚಿ ಕಟ್ಟಿದ ಜಾಯಿಂಟ್ ನಮ್ಮ ಮಳೆಗಾಲ ದಾಟುವುದಿಲ್ಲ. ಬೋರ್ಡಿನಿಂದ ಶೆಡ್ಡಿಗೆ 3 ಕೋರ್ 6 ಚದರ ಮಿ.ಮೀ. ಆರ್ಮರ್ಡ್ ತಾಮ್ರದ ಕೇಬಲ್ ನೆಲದಡಿಯಲ್ಲಿ ಹಾಕಿದ್ದೇನೆ. 3.3ಕ್ಕೆ 4 ಸಾಕು ಎನ್ನುತ್ತಾರೆ. ಒಂದು ಮೀಟರ್ ಕೇಬಲ್ಲಿಗೆ ಎಪ್ಪತ್ತೆಂಬತ್ತು ರೂಪಾಯಿ ಉಳಿಸಲು ಹೋಗಿ ಇನ್ನೊಮ್ಮೆ ಚರಂಡಿ ತೋಡುವುದರಲ್ಲಿ ಅರ್ಥವಿಲ್ಲ.

ಮನೆಯ ಮಾಮೂಲು 16 ಆಂಪಿಯರ್ ಸಾಕೆಟ್ ಈ ಕೆಲಸಕ್ಕೆ ಹೇಳಿದ್ದಲ್ಲ. ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ಕಾರು ಎಂಟು ಗಂಟೆ ಬಿಡದೆ 15 ಆಂಪಿಯರ್ ಎಳೆಯುತ್ತದೆ. ಒಳಗಿನ ಸ್ಪ್ರಿಂಗ್ ಸಡಿಲವಾಗಿ, ಪಿನ್ ಕಪ್ಪಾಗಿ, ಪ್ಲಾಸ್ಟಿಕ್ ಕರಗುತ್ತದೆ. ಕಾರ್ಖಾನೆಗಳಲ್ಲಿ ಹಾಕುವ ನೀಲಿ ಇಂಡಸ್ಟ್ರಿಯಲ್ ಪ್ಲಗ್ ಮತ್ತು ಸಾಕೆಟ್ ಹಾಕಿ. ಒಂದು ಗಂಟೆ ಚಾರ್ಜ್ ಆದ ಮೇಲೆ ಕೈಯಿಟ್ಟು ನೋಡಿ. ಉಗುರು ಬೆಚ್ಚಗೆ ಸರಿ, ಸುಟ್ಟಂತಾದರೆ ಸ್ಕ್ರೂ ಬಿಗಿ ಇಲ್ಲ. ಮೇಲೆ ಲೋಡ್ ಮೀರಿದರೆ ಕಡಿಯುವ 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಲೈನಿನ ವೋಲ್ಟೇಜ್ ಜಿಗಿತ ತಡೆಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್. ಆರ್‌ಸಿಸಿಬಿ ಟೈಪ್ ಎ ಇರಲಿ. ಅಂಗಡಿಯವರು ಟೈಪ್ ಎಸಿ ಕೊಡುತ್ತಾರೆ, ಅದು ಡಿಸಿ ಮಿಶ್ರಿತ ಸೋರಿಕೆಯನ್ನು ಗುರುತಿಸುವುದಿಲ್ಲ.

ಈಗ ಅರ್ಥಿಂಗ್. ನನ್ನ ಪ್ರಕಾರ ಹಳ್ಳಿಯಲ್ಲಿ ಇವಿ ಚಾರ್ಜ್ ಆಗದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ, ವೋಲ್ಟೇಜ್ ಅಲ್ಲ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಮಾರ್ಚ್ ಬಂತೆಂದರೆ ಒಣಗಿ ಕರೆಂಟ್ ಹಿಡಿಯುವುದೇ ಇಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 10 ವೋಲ್ಟ್ ಬಂದರೆ ಚಾರ್ಜರ್ ಕೆಂಪು ದೀಪ ಹಾಕಿ ಕೂರುತ್ತದೆ. ಉಪ್ಪು ಇದ್ದಲು ಹಾಕಿದ ಹಳೇ ಗುಂಡಿ ಇಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ, ಉಪ್ಪು ತೊಳೆದುಹೋಗುತ್ತದೆ, ಉಳಿದದ್ದು ಜಿಐ ಪೈಪನ್ನು ತಿನ್ನುತ್ತದೆ. ನಾನು ಮಾಡಿದ್ದು ಹೀಗೆ: ಮೂರು ಮೀಟರ್ ಉದ್ದದ ಜಿಐ ಪೈಪ್ ಎರಡು, ಒಂದಕ್ಕೊಂದು ಮೂರು ಮೀಟರಿಗಿಂತ ದೂರ, ಎರಡೂ ಅಡಿಕೆ ಬುಡದ ಡ್ರಿಪ್ ನೀರು ಸದಾ ತಾಗುವ ಕಡೆ. ಸುತ್ತ ನೀರು ಹಿಡಿದಿಡುವ ಬೆಂಟೊನೈಟ್ ಜೇಡಿಯ ಪುಡಿ ಕಲಸಿ ತುಂಬಿದ್ದು, ಎರಡನ್ನೂ ತಾಮ್ರದ ಪಟ್ಟಿಯಿಂದ ಜೋಡಿಸಿದ್ದು. ಮೂವತ್ತರ ಮೇಲಿದ್ದ ಓಮ್ ಐದರ ಒಳಗೆ ಬಂತು, ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಬಿರು ಬೇಸಿಗೆಯಲ್ಲೂ 2–3 ದಾಟಿಲ್ಲ. ಬೆಂಟೊನೈಟಿನ ಜೊತೆ ಇನ್ನೊಂದು ವಸ್ತು ಸೇರಿಸಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಇಲ್ಲದೆಯೂ ಕೆಲಸ ಆಗುತ್ತದೆ.

ಕೆಲವರು ಪ್ಲಗ್ಗಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥಿಗೆ ತುಂಡು ವೈರ್ ಕಟ್ಟಿ ಚಾರ್ಜರಿಗೆ ಮೋಸ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಹೊರಗೆ ಎಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿಯುವುದು ನಮ್ಮಲ್ಲಿ ಅಪರೂಪವೇನಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ಬಾಗಿಲು ಮುಟ್ಟುವ ಮಕ್ಕಳಿರುವ ಮನೆಗಳಿವು.

ಚಾರ್ಜಿಂಗ್ ಸಮಯ ರಾತ್ರಿ ಹತ್ತೂವರೆಯ ಮೇಲೆ. ಅಷ್ಟರಲ್ಲಿ ಸಂಜೆಯ ಲೋಡ್ ಇಳಿದಿರುತ್ತದೆ, ತುಲಾ ತಿಂಗಳ ಗುಡುಗು ಸಿಡಿಲೂ ಮುಗಿದಿರುತ್ತದೆ. ಬೆಳಿಗ್ಗೆ ಆರರವರೆಗೆ ಮೀಟರಿನಲ್ಲಿ 24–25 ಯೂನಿಟ್, ಬ್ಯಾಟರಿಗೆ ಸೇರುವುದು 22. ಅಂದರೆ ನೂರೈವತ್ತು ಕಿ.ಮೀ. ಮೇಲೆ. ಮಂಗಳೂರಿಗೆ ಹೋಗಿ ಬಂದರೂ ನೂರು ಚಿಲ್ಲರೆ. ಇದಕ್ಕೆ 7.2 ಯಾಕೆ?

ಬಿಲ್ಲಿನ ವಿಷಯದಲ್ಲಿ ಎಚ್ಚರ. ಗೃಹಜ್ಯೋತಿ ಇರುವ ಮೀಟರಿನಲ್ಲಿ ಕಾರು ಹಾಕಬಾರದು. ತಿಂಗಳಿಗೆ 1,200 ಕಿ.ಮೀ. ಓಡಿದರೆ ಕಾರಿಗೇ 190 ಯೂನಿಟ್. ಮನೆಯ ಬಳಕೆ ಸೇರಿ 200 ದಾಟಿತೋ, ಇಡೀ ಬಿಲ್ ನಿಮ್ಮ ತಲೆಗೆ. ಪ್ರತ್ಯೇಕ ಮೀಟರ್ ಹಾಕಿಸಿದರೆ ಮನೆಯ ಸೊನ್ನೆ ಬಿಲ್ ಹಾಗೇ ಉಳಿಯುತ್ತದೆ, ಫಿಕ್ಸೆಡ್ ಚಾರ್ಜು ತೆರಿಗೆ ಎಲ್ಲ ಸೇರಿ ನನಗೆ ಯೂನಿಟ್ಟಿಗೆ ಆರು ರೂಪಾಯಿ ಬೀಳುತ್ತದೆ. ಸರ್ವಿಸ್ ವೈರ್, ಕೇಬಲ್, ಅರ್ಥಿಂಗ್, ಮೀಟರ್ ಎಲ್ಲ ಸೇರಿ ಖರ್ಚು ಐವತ್ತೈದು ಸಾವಿರದ ಆಸುಪಾಸು.

ಲೆಕ್ಕಕ್ಕೆ ಬರೋಣ. ಆಗ ಹೋಲಿಸಿದ್ದ ಪೆಟ್ರೋಲ್ ಆಟೋಮ್ಯಾಟಿಕ್ ಎಕ್ಸ್-ಶೋರೂಮ್ 12 ಲಕ್ಷ, ರಸ್ತೆ ತೆರಿಗೆ ಶೇ. 17 ಮತ್ತು ಸೆಸ್ ಸೇರಿ ಎರಡೂಕಾಲು ಲಕ್ಷ, ಇನ್ಶೂರೆನ್ಸ್ ಸೇರಿ ಹದಿನೈದರ ಹತ್ತಿರ. ಇವಿಗೆ ಆಗ ರಸ್ತೆ ತೆರಿಗೆ ಇರಲಿಲ್ಲ, ರಸ್ತೆಗಿಳಿದದ್ದು ಹದಿನೇಳೂವರೆಗೆ. ಅಂತರ ಎರಡೂವರೆ ಲಕ್ಷ, ವೈರಿಂಗ್ ಸೇರಿದರೆ ಮೂರು.

ನೂರು ಕಿ.ಮೀ.ಗೆ ಕಾರಿನ ಪರದೆ 14 ಯೂನಿಟ್ ತೋರಿಸುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಚಾರ್ಜರಿನಲ್ಲಿ ಸೋರಿಹೋಗುವುದೂ ಸೇರಿ ಗೋಡೆಯ ಮೀಟರ್ 16 ಹೇಳುತ್ತದೆ. ಕಿಲೋಮೀಟರಿಗೆ ಒಂದು ರೂಪಾಯಿ. ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 20–24 ಆಗುವುದರಿಂದ ಮೂರೂಕಾಲು. ಪೆಟ್ರೋಲ್ 13–14 ಮೈಲೇಜಿಗೆ ಏಳೂವರೆ. ವರ್ಷಕ್ಕೆ 15 ಸಾವಿರ ಕಿ.ಮೀ., ಹತ್ತರಲ್ಲಿ ಒಂಬತ್ತು ಪಾಲು ಮನೆಯ ಚಾರ್ಜಿಂಗ್ ಎಂದಾದರೆ 18 ಸಾವಿರ, ಪೆಟ್ರೋಲಿಗೆ 1.13 ಲಕ್ಷ. ಸರ್ವಿಸಿನಲ್ಲಿ ನಾಲ್ಕು ಸಾವಿರ ಉಳಿದರೆ ಟೈರಿನಲ್ಲೂ ಇನ್ಶೂರೆನ್ಸಿನಲ್ಲೂ ಎಂಟೊಂಬತ್ತು ಸಾವಿರ ಹೋಗುತ್ತದೆ. ನಿಂತಲ್ಲಿಂದ ಬರುವ ಟಾರ್ಕ್ ಮುಂದಿನ ಟೈರುಗಳನ್ನು ಬೇಗ ಸವೆಸುತ್ತದೆ. 35–40 ಸಾವಿರಕ್ಕೆ ಸೆಟ್ ಬದಲಿಸಲು ದುಡ್ಡು ತೆಗೆದಿಡಿ. ನಿವ್ವಳ ಉಳಿತಾಯ ವರ್ಷಕ್ಕೆ ತೊಂಬತ್ತು ಸಾವಿರ. ಹೆಚ್ಚು ಕೊಟ್ಟ ದುಡ್ಡು ವಾಪಸಾಗಲು, ಕೈಯಿಂದ ಕೊಟ್ಟಿದ್ದರೆ ಮೂರೂವರೆ ವರ್ಷ, ಹೆಚ್ಚಿನ ಮೊತ್ತಕ್ಕೆ ಸಾಲದ ಬಡ್ಡಿ ಸೇರಿದರೆ ನಾಲ್ಕು ದಾಟುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಈಗ ಕೊಳ್ಳುವವರಿಗೆ ಅಂತರ ಇನ್ನೊಂದು ಲಕ್ಷ ಜಾಸ್ತಿ ಎಂದು ಹಿಡಿಯಿರಿ, ಅಂದರೆ ಇನ್ನೊಂದು ವರ್ಷ. ವರ್ಷಕ್ಕೆ ಏಳೆಂಟು ಸಾವಿರ ಮಾತ್ರ ಓಡಿಸುವವರು, ಸ್ವಂತ ಪಾರ್ಕಿಂಗ್ ಇಲ್ಲದವರು ಪೆಟ್ರೋಲ್ ಕಾರೇ ಕೊಳ್ಳಲಿ. ಫಾಸ್ಟ್ ಚಾರ್ಜರನ್ನೇ ನೆಚ್ಚಿದರೆ ಉಳಿತಾಯದಲ್ಲಿ ಮೂರರಲ್ಲೊಂದು ಪಾಲು ಅಲ್ಲೇ ಹೋಗುತ್ತದೆ.

ಶಿರಾಡಿ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರು. ಜನ ಸೇರಿ 1,600–1,700 ಕೆ.ಜಿ.ಯ ಕಾರನ್ನು ಅಷ್ಟು ಎತ್ತಲು ಬೇಕಾದದ್ದು ಬರೀ ಮೂರೂವರೆ ಯೂನಿಟ್, ನಷ್ಟ ಸೇರಿ ನಾಲ್ಕು. ಬ್ಯಾಟರಿಯ ಶೇ. 10. ಪುತ್ತೂರಿನಿಂದ ಹಾಸನಕ್ಕೆ ಎಂಬತ್ತರ ವೇಗದಲ್ಲಿ ಹೋದರೆ ಬ್ಯಾಟರಿಯ ಶೇ. 58–60 ಖರ್ಚಾಗುತ್ತದೆ, ಬರುವಾಗ 43–44. ಘಾಟಿಗಿಂತ ಹಾಸನದಾಚೆಯ ನೇರ ರಸ್ತೆ ಹೆಚ್ಚು ತಿನ್ನುತ್ತದೆ. ವೇಗ ಎಂಬತ್ತರಿಂದ ನೂರಕ್ಕೆ ಹೋದರೆ ನೂರು ಕಿ.ಮೀ.ಗೆ 14 ಯೂನಿಟ್ ಇದ್ದದ್ದು 17. ಸಕಲೇಶಪುರದಲ್ಲಿ ರಾತ್ರಿ ಚಾರ್ಜ್ ಹಾಕಿದರೆ ಶೇ. 90ಕ್ಕೆ ನಿಲ್ಲಿಸಿ. ಪೂರ್ತಿ ತುಂಬಿಸಿ ಇಳಿದರೆ ರಿಜನ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿ ತುಂಬಿಸುವುದು) ಕೆಲಸ ಮಾಡುವುದಿಲ್ಲ, ಬ್ರೇಕ್ ಮೇಲೆಯೇ ಇಳಿಯಬೇಕಾಗುತ್ತದೆ.

ಮನೆಯಲ್ಲಿ ಮಾತ್ರ ಈ ಕಾರಿನ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ ಪೂರ್ತಿ ನೂರಕ್ಕೆ ತುಂಬಿಸಿ, ಪ್ಲಗ್ ಹಾಗೇ ಬಿಡಿ. ಇದರ ವೋಲ್ಟೇಜ್ ಮಧ್ಯದಲ್ಲಿ ಬದಲಾಗುವುದೇ ಕಮ್ಮಿ, ಎಷ್ಟು ತುಂಬಿದೆ ಎಂದು ಅಳೆಯುವ ಬಿಎಂಎಸ್‌ಗೆ ಲೆಕ್ಕ ತಪ್ಪುತ್ತದೆ. ಸದಾ 80ರಲ್ಲೇ ಇಟ್ಟವರ ಕಾರು 15 ತೋರಿಸುತ್ತಿದ್ದಾಗಲೇ ಏಕಾಏಕಿ 6ಕ್ಕೆ ಬೀಳುವುದು ಅದಕ್ಕೇ.

ಕರಾವಳಿಗೆ ವಿಶೇಷವಾದ ಎರಡು ಕಾಟ. ಬ್ರೇಕ್ ಬಳಕೆಯೇ ಇಲ್ಲದ್ದರಿಂದ ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ರಿಜನ್ ಸೊನ್ನೆಗಿಟ್ಟು, ಹಿಂದೆ ಯಾರೂ ಇಲ್ಲದ ಕಡೆ, ಅರವತ್ತರಿಂದ ಇಪ್ಪತ್ತಕ್ಕೆ ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿ. ಇನ್ನೊಂದು ಇಲಿ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಕಡಿದರೆ ರಿಪೇರಿ ಇಲ್ಲ, ಇಡೀ ಹಾರ್ನೆಸ್ ಬದಲು. ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ-ಡೆಪ್ ಇನ್ಶೂರೆನ್ಸ್ ಪಾಲಿಸಿ ಬಿಡಬೇಡಿ. ಬಾನೆಟ್ಟಿನೊಳಗೆ ನಾನೇನು ಇಡುತ್ತೇನೆ ಎನ್ನುವುದು ಮಾತ್ರ ನನ್ನಲ್ಲೇ ಇರಲಿ. ಶೆಡ್ಡಿನಲ್ಲಿ ಅಡಿಕೆ, ತೆಂಗಿನಕಾಯಿ ರಾಶಿ ಹಾಕಬೇಡಿ ಎಂದಷ್ಟೇ ಹೇಳುತ್ತೇನೆ. 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನೂ ಮರೆಯಬೇಡಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ರಾತ್ರಿ ನಿಂತ ಕಾರಿನಲ್ಲಿ 12.4ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸುವ ಹೊತ್ತಾಯಿತು.

ಕಾರಿನಿಂದ ಪಂಪ್ ಓಡಿಸಿಯೂ ನೋಡಿದೆ. ಹೊರಕ್ಕೆ 3.3 ಕೆವಿಎ ಕೊಡುತ್ತದೆ ಎಂದರೆ ಒಂದು ಎಚ್‌ಪಿ ಮೋಟರ್ ಸುಲಭ ಅನಿಸುತ್ತದೆ. ಆದರೆ ಓಡುವಾಗ ಏಳು ಆಂಪಿಯರ್ ಎಳೆಯುವ ಮೋಟರ್ ಸ್ಟಾರ್ಟ್ ಆಗುವಾಗ ಮೂವತ್ತು ದಾಟುತ್ತದೆ, ಕಾರು ತಕ್ಷಣ ಔಟ್‌ಪುಟ್ ಕಡಿಯುತ್ತದೆ. ಅರ್ಧ ಎಚ್‌ಪಿ ಹಿಡಿಯಿತು. ಫ್ರಿಜ್, ಫ್ಯಾನ್, ದೀಪ, ಟಿವಿ ಮಳೆಗಾಲದ ಕತ್ತಲೆಯಲ್ಲಿ ಒಂದಿಡೀ ದಿನ ಓಡಿದರೂ ಮೂರ್ನಾಲ್ಕು ಯೂನಿಟ್ಟಿಗಿಂತ ಹೆಚ್ಚು ಹೋಗಲಿಲ್ಲ. ಈ ಒಂದು ಕಾರಣಕ್ಕೇ ಇನ್ವರ್ಟರ್ ಬ್ಯಾಟರಿ ಹೊಸದು ಹಾಕಿಸುವುದನ್ನು ಬಿಟ್ಟೆ. ಹದಿನೆಂಟು ಸಾವಿರ ಅಲ್ಲಿ ಉಳಿಯಿತು, ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.