ಕರದಂಟು ಮತ್ತು ನೀರಿನ ಪಸೆ: ನನ್ನ ಅನುಭವ

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ದಾರಿಯಲ್ಲಿ ಅಮೀನಗಡ ಸಿಗುತ್ತದೆ. ಐಹೊಳೆಗೋ ಕೂಡಲಸಂಗಮಕ್ಕೋ ಹೊರಟವರು ಅಲ್ಲಿ ಗಾಡಿ ನಿಲ್ಲಿಸಿ ಕರದಂಟಿನ ಪೊಟ್ಟಣ ಕಟ್ಟಿಸಿಕೊಳ್ಳದೆ ಮುಂದೆ ಹೋಗುವುದು ಅಪರೂಪ. ಬೆಳಗಾವಿ ಜಿಲ್ಲೆಯ ಗೋಕಾಕವೂ ಕರದಂಟಿಗೆ ಹೆಸರಾದ ಊರು. ನಾನು ಹುಟ್ಟಿ ಬೆಳೆದದ್ದು ಅಮೀನಗಡಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ ಆದ್ದರಿಂದ ಕರದಂಟು ನಮ್ಮ ಮನೆಯಲ್ಲಿ ಸದಾ ಇರುತ್ತಿತ್ತು; ಆದರೆ ಅದು ಸಂತೆಯಿಂದ ಬರುವ ತಿನಿಸೇ ಹೊರತು ನಮ್ಮ ಒಲೆಯ ಮೇಲೆ ಆಗುವಂಥದ್ದಾಗಿರಲಿಲ್ಲ. ಮನೆಯಲ್ಲಿ ಆಗುತ್ತಿದ್ದದ್ದು ಬಾಣಂತಿಯರಿಗಾಗಿ ಕಟ್ಟುವ ಅಂಟಿನ ಉಂಡೆ. ಕರದಂಟೂ ಅದೇ ಕುಲದ್ದು; ಹೆಸರಿನಲ್ಲೇ ಹೇಳಿರುವಂತೆ ಕರಿದ ಅಂಟು, ಅಂದರೆ ತುಪ್ಪದಲ್ಲಿ ಅರಳಿಸಿದ ಮರದ ಅಂಟು, ಅದರ ಜೀವಾಳ.

2014ರಲ್ಲಿ ನನ್ನ ಮಗಳು ಎರಡನೆಯ ಬಾಣಂತನಕ್ಕೆ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಾಗ, "ಅವ್ವಾ, ಈ ಸಲ ಉಂಡಿ ಬ್ಯಾಡ, ಕರದಂಟು ಮಾಡು, ಹೊತ್ತಿಗೊಂದು ತುಂಡು ತಿಂದ್ರ ಸಾಕಾಗತದ" ಎಂದಳು. ಉಂಡೆ ಕಟ್ಟಲು ಬರುವವಳಿಗೆ ಕರದಂಟು ಎಷ್ಟರ ಕೆಲಸ ಎಂದುಕೊಂಡೇ ನಾನು ಕೈ ಹಾಕಿದೆ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಡಿಯಿಂದ ತಂದ ಅಂಟನ್ನು ಹಾಗೆಯೇ ಕಾದ ತುಪ್ಪಕ್ಕೆ ಬಿಟ್ಟೆ, ಅಂಜೂರವನ್ನು ಹಸಿಯಾಗಿಯೇ ಹೆಚ್ಚಿ ಸೇರಿಸಿದೆ, ಬೆಲ್ಲ ಕರಗಿ ನೊರೆ ಬಂದ ಕೂಡಲೇ ಒಲೆ ಆರಿಸಿ ಎಲ್ಲವನ್ನೂ ಕಲಸಿದೆ. ಅದು ಕೊನೆಗೂ ಗಟ್ಟಿಯಾಗಲಿಲ್ಲ. ತಿಂದರೆ ಅಂಟಿನ ಹರಳು ಹಲ್ಲಿಗೆ ಮೆತ್ತಿಕೊಳ್ಳುತ್ತಿತ್ತು, ಹತ್ತನೆಯ ದಿನಕ್ಕೆ ಅಂಜೂರದ ಸುತ್ತ ಬಿಳಿ ಬೂಷ್ಟು ಕಾಣಿಸಿತು. ಎರಡು ಕೆಜಿಯಷ್ಟು ಒಳ್ಳೆಯ ಪದಾರ್ಥವನ್ನು ಚೆಲ್ಲಬೇಕಾಗಿ ಬಂದದ್ದು ನನಗೆ ಬಹಳ ನೋವು ಕೊಟ್ಟಿತು.

ಆಗ ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿತ್ತು, ಅಡುಗೆಮನೆಗೆ ಬರುವುದನ್ನು ಬಿಟ್ಟಿದ್ದರು. ಕೆಟ್ಟ ಕರದಂಟಿನ ತುಂಡೊಂದನ್ನು ಬೆರಳಲ್ಲಿ ಮುರಿದು ನೋಡಿ, "ಅಂಟು ಬಿಸಲಿಗೆ ಹಾಕಿದ್ದಿಲ್ಲೇನವ್ವಾ? ಎಲ್ಲಾದ್ರಾಗೂ ನೀರು ಉಳದದ ನೋಡು" ಎಂದರು. ಆ ಮೇಲೆ ಹತ್ತು ವರ್ಷಗಳಿಂದ ಪ್ರತಿ ಚಳಿಗಾಲ ಕರದಂಟು ಮಾಡುತ್ತ ಬಂದಿದ್ದೇನೆ, ಅವರ ಆ ಮಾತನ್ನೇ ಹಿಡಿದು ಒಂದೊಂದು ಪದಾರ್ಥವನ್ನೂ ನೋಡುತ್ತೇನೆ. ಗೋಡಂಬಿ, ಬಾದಾಮಿ ಎಷ್ಟು ಸುರಿದಿರಿ ಎಂಬುದರ ಮೇಲೆ ಕರದಂಟಿನ ಗುಣ ನಿಲ್ಲುವುದಿಲ್ಲ, ಒಳಗೆ ಎಷ್ಟು ಪಸೆ ಉಳಿಸಿದಿರಿ ಎಂಬುದರ ಮೇಲೆ ನಿಲ್ಲುತ್ತದೆ ಎಂದು ನಾನು ಈಗ ನಿಶ್ಚಯವಾಗಿ ಹೇಳಬಲ್ಲೆ.

ಮೊದಲು ಅಂಟಿನ ವಿಷಯ. ಜಾಲಿ ಮರದ ಅಂಟು ಮತ್ತು ದಿಂಡಿಗ ಮರದ ಅಂಟು, ಎರಡನ್ನೂ ನಾನು ಬಳಸಿ ನೋಡಿದ್ದೇನೆ, ಎರಡೂ ಅರಳುತ್ತವೆ. ಅಂಗಡಿಯಲ್ಲಿ ಕೇಳುವಾಗ ಉಂಡೆಗೆ ಹಾಕುವ ಅಂಟು ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಬೇಸಿಗೆಯ ಪಾನಕಕ್ಕೆ ನೆನೆಹಾಕುವ ಗೋಂದ್ ಕತೀರಾ ಎಂಬ ಇನ್ನೊಂದು ಅಂಟು ಪಕ್ಕದ ಡಬ್ಬಿಯಲ್ಲೇ ಇರುತ್ತದೆ. ಅದು ನೀರಿನಲ್ಲಿ ಉಬ್ಬಿ ಲೋಳೆಯಾಗುತ್ತದೆಯೇ ಹೊರತು ತುಪ್ಪದಲ್ಲಿ ಅರಳುವುದಿಲ್ಲ. ಸರಿಯಾದ ಅಂಟನ್ನು ತಂದ ಮೇಲೆ ತೊಗಟೆಯ ಚೂರು, ಮಣ್ಣು ಆರಿಸಿ, ದೊಡ್ಡ ಹರಳುಗಳನ್ನು ಕುಟ್ಟಿ ಕಡಲೆ ಗಾತ್ರಕ್ಕಿಂತ ಸಣ್ಣದು ಮಾಡಿ, ತೆಳ್ಳಗಿನ ಬಟ್ಟೆಯ ಮೇಲೆ ಹರವಿ ಎರಡು ದಿನ ಬಿಸಿಲಿಗೆ ಇಡುತ್ತೇನೆ.

ಬಿಸಿಲಿಗೆ ಇಟ್ಟರೂ ಅಂಟಿನ ಒಡಲಲ್ಲಿ ಸ್ವಲ್ಪ ನೀರಂಶ ಉಳಿದೇ ಇರುತ್ತದೆ, ಅರಳುವುದಕ್ಕೆ ಅದೇ ಬೇಕು. ತುಪ್ಪದ ಶಾಖಕ್ಕೆ ಅಂಟು ಮೆತ್ತಗಾಗುತ್ತಿರುವಾಗ ಒಳಗಿನ ಆ ನೀರು ಆವಿಯಾಗಿ ಹೊರಗೆ ತಳ್ಳುತ್ತದೆ, ಹರಳು ಅರಳಿನಂತೆ ಉಬ್ಬಿ ಬೆಳ್ಳಗಾಗುತ್ತದೆ. ಬೇಡವಾದದ್ದು ಮಳೆಗಾಲದ ಗಾಳಿಯಿಂದ ಮೈಮೇಲೆ ಕುಳಿತ ತೇವ. ಅದಿದ್ದರೆ ಹರಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ತುಪ್ಪ ಹೊಗೆಯಾಡುವಷ್ಟು ಕಾದಿದ್ದರೆ ಹೊರಮೈ ಕೆಂಪಾಗಿ ಒಳಗೆ ಗಾಜಿನಂಥ ಹಸಿ ತಿರುಳು ಉಳಿಯುತ್ತದೆ, ಕಾವು ಸಾಲದಿದ್ದರೆ ಅಂಟು ತುಪ್ಪ ಕುಡಿದು ಸುಮ್ಮನೆ ಕುಳಿತಿರುತ್ತದೆ. ಒಂದೇ ಒಂದು ಹರಳನ್ನು ಹಾಕಿ, ಅದು ನಿಧಾನವಾಗಿ ಮೇಲೆದ್ದು ತನ್ನ ಗಾತ್ರದ ಎರಡು ಮೂರು ಪಟ್ಟು ಉಬ್ಬಿತೆಂದರೆ ಕಾವು ಸರಿಯಿದೆ ಎಂದು ತಿಳಿಯುತ್ತೇನೆ. ಆಮೇಲೆ ಹಿಡಿ ಹಿಡಿಯಾಗಿ ಮಾತ್ರ ಕರಿಯಬೇಕು. ಪ್ರತಿ ಸಲವೂ ಒಂದು ಹರಳನ್ನು ಆರಿಸಿ ಬೆರಳುಗಳ ನಡುವೆ ಒತ್ತಿ ನೋಡುತ್ತೇನೆ. ಪುಡಿಪುಡಿಯಾದರೆ ಆಯಿತು, ಒಳಗೆ ಗಟ್ಟಿ ಬೀಜದಂತೆ ಏನಾದರೂ ಸಿಕ್ಕರೆ ಆ ಹಿಡಿಯನ್ನು ಇನ್ನೊಮ್ಮೆ ಸಣ್ಣ ಉರಿಯಲ್ಲಿ ಆಡಿಸುತ್ತೇನೆ. ಈ ಒಂದು ಕೆಲಸಕ್ಕೆ ನನಗೆ ಮುಕ್ಕಾಲು ತಾಸು ಹಿಡಿಯುತ್ತದೆ, ಅವಸರ ಮಾಡಿದ ವರ್ಷ ಪಶ್ಚಾತ್ತಾಪ ಪಟ್ಟಿದ್ದೇನೆ.

ನನ್ನ ಅಳತೆ ಹೀಗಿದೆ. ಅಂಟು 200 ಗ್ರಾಂ, ತುರಿದ ಒಣಕೊಬ್ಬರಿ 400 ಗ್ರಾಂ, ಬೀಜ ತೆಗೆದ ಉತ್ತತ್ತಿ 200 ಗ್ರಾಂ, ಗೋಡಂಬಿ ಮತ್ತು ಬಾದಾಮಿ ತಲಾ 200 ಗ್ರಾಂ, ಅಂಜೂರ 150 ಗ್ರಾಂ, ಒಣದ್ರಾಕ್ಷಿ 100 ಗ್ರಾಂ, ಕರಬೂಜದ ಬೀಜ ಮತ್ತು ಗಸಗಸೆ ತಲಾ 50 ಗ್ರಾಂ, ಬೆಲ್ಲ 600 ಗ್ರಾಂ. ತುಪ್ಪ 200 ಗ್ರಾಂ ಇಟ್ಟುಕೊಂಡರೆ ಎಲ್ಲಕ್ಕೂ ಸಾಕು. ಅರ್ಧ ಜಾಜಿಕಾಯಿಯನ್ನು ತೇಯ್ದು, ಹತ್ತು ಯಾಲಕ್ಕಿಯನ್ನು ಪುಡಿ ಮಾಡಿ ಕೊನೆಯಲ್ಲಿ ಹಾಕುತ್ತೇನೆ. ಇಷ್ಟರಿಂದ ಎರಡು ಕೆಜಿಗೆ ಸ್ವಲ್ಪ ಮೇಲೆ ಕರದಂಟು ಬರುತ್ತದೆ.

ಉತ್ತತ್ತಿ ಕಲ್ಲಿನಂತೆ ಗಟ್ಟಿ. ಚಾಕು ಅದರ ಮೇಲೆ ಜಾರುತ್ತದೆ. ನಮ್ಮ ಕಡೆಯ ಹೆಂಗಸರು ಅದನ್ನು ಅಡಕೊತ್ತಿನಲ್ಲೇ ಕತ್ತರಿಸುವುದು, ನಾನೂ ಹಾಗೆಯೇ ಮಾಡುತ್ತೇನೆ. ಬೇಗ ಆಗಲಿ ಎಂದು ಅದನ್ನು ನೀರಲ್ಲಿ ನೆನೆಸಬಾರದು, ಮೆತ್ತಗಿನ ಖರ್ಜೂರವನ್ನು ಅದರ ಬದಲು ಹಾಕಲೂ ಬಾರದು. ಖರ್ಜೂರ ಹಾಕಿದರೂ ತಿನ್ನಲು ರುಚಿಯಾಗಿಯೇ ಇರುತ್ತದೆ, ಆದರೆ ಅದರಲ್ಲಿರುವ ನೀರಂಶದಿಂದಾಗಿ ಕರದಂಟು ತಿಂಗಳೊಪ್ಪತ್ತು ನಿಲ್ಲುವುದಿಲ್ಲ. ಅಂಜೂರವನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ತುಪ್ಪದಲ್ಲಿ ಅದರ ಮೈ ಒಣಗಿ ತುಂಡುಗಳು ಬಿಡಿಬಿಡಿಯಾಗುವ ತನಕ ಸಣ್ಣ ಉರಿಯಲ್ಲಿ ಹುರಿಯುವುದನ್ನು ಮೊದಲ ವರ್ಷದ ಬೂಷ್ಟಿನಿಂದ ಕಲಿತೆ.

ಕೊಬ್ಬರಿಯ ಮಟ್ಟಿಗೆ ತಿಪಟೂರಿನದು ಸಿಕ್ಕರೆ ಬೇರೆ ನೋಡಬೇಕಾಗಿಲ್ಲ. ತೆಂಗಿನಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ಹಲವು ತಿಂಗಳು ಇಟ್ಟು, ಒಳಗಿನ ನೀರೆಲ್ಲ ಬತ್ತಿ ಕೊಬ್ಬರಿ ಚಿಪ್ಪಿನಿಂದ ತಾನೇ ಬಿಡುವವರೆಗೆ ಕಾದು ಮಾಡಿದ ಕೊಬ್ಬರಿಗೂ, ಹೋಳು ಮಾಡಿ ನಾಲ್ಕು ದಿನ ಬಿಸಿಲಿಗೆ ಇಟ್ಟದ್ದಕ್ಕೂ ರುಚಿಯಲ್ಲಿ ಬಹಳ ವ್ಯತ್ಯಾಸವಿದೆ. ತುರಿಯುವ ಮೊದಲು ಒಂದು ಚೂರನ್ನು ಕಚ್ಚಿ ನೋಡಬೇಕು. ಗಂಟಲಿಗೆ ಕಮಟು ಹತ್ತಿದರೆ ಆ ಬಟ್ಟಲನ್ನು ಬದಿಗಿಡಬೇಕು, ಜಾಜಿಕಾಯಿ ಎಷ್ಟು ಹಾಕಿದರೂ ಆ ಕಮಟು ಮುಚ್ಚುವುದಿಲ್ಲ. ತುರಿಯನ್ನು ತುಪ್ಪ ಹಾಕದೆ, ಬಣ್ಣ ಕೆನೆಯಿಂದ ತುಸು ಕಂದಿಗೆ ತಿರುಗುವ ತನಕ ಹುರಿದು ತೆಗೆಯುತ್ತೇನೆ.

ದ್ರಾಕ್ಷಿಯ ಬಗ್ಗೆ ನನಗೆ ತಿಳಿವಳಿಕೆ ಬಂದದ್ದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿರುವ ನಮ್ಮ ಬೀಗರ ತೋಟಕ್ಕೆ ಒಂದು ಬೇಸಿಗೆಯಲ್ಲಿ ಹೋದಾಗ. ಅಲ್ಲಿ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಎಂಬ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದಂಥ ಪದರ ಆ ದ್ರಾವಣದಿಂದ ಸಡಿಲಗೊಂಡು ಒಳಗಿನ ನೀರು ಬೇಗ ಹೊರಬರುತ್ತದೆ. ಎರಡು ವಾರಗಳೊಳಗೆ ನಾಲ್ಕು ಕೆಜಿ ಹಣ್ಣು ಒಂದು ಕೆಜಿ ಒಣದ್ರಾಕ್ಷಿಯಾಗುತ್ತದೆ. ಹಳದಿ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಇದನ್ನು ಕಣ್ಣಾರೆ ನೋಡಿದ ಮೇಲೆ ನಾನು ದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಇಡೀ ದಿನ ಬಿಸಿಲಿಗೆ ಒಣಗಿಸಿ, ತುಪ್ಪದಲ್ಲಿ ಗುಂಡಗೆ ಉಬ್ಬುವಂತೆ ಕರಿದೇ ಬಳಸುತ್ತೇನೆ. ತೊಳೆದದ್ದು ಪೂರ್ತಿ ಒಣಗದಿದ್ದರೆ ತೊಳೆಯದಿರುವುದೇ ವಾಸಿ.

ಅಲ್ಲಿಯೇ, ದ್ರಾಕ್ಷಿ ಬೆಳೆಯುವ ಬೇರೆ ನಾಡಿನವರು ಏನು ಮಾಡುತ್ತಾರೆ ಎಂಬ ಕುತೂಹಲ ಹುಟ್ಟಿ, ಜಾರ್ಜಿಯಾ ದೇಶದ ಚುರ್ಚ್‌ಖೇಲಾ ಎಂಬ ಸಿಹಿಯ ಬಗ್ಗೆ ತಿಳಿದುಕೊಂಡೆ. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕಾಯಿಸಿ ಗಟ್ಟಿ ಮಾಡಿದ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ, ದಿನಗಟ್ಟಲೆ ಗಾಳಿಗೆ ತೂಗುಹಾಕಿ ಒಣಗಿಸುವ ತಿನಿಸು ಅದು. ಇಟಲಿಯ ಸಿಯೆನಾ ಊರಿನ ಪ್ಯಾನ್‌ಫೋರ್ಟೆ ಇನ್ನೂ ನಮ್ಮ ಹತ್ತಿರಕ್ಕೆ ಬರುತ್ತದೆ; ಜೇನು ಮತ್ತು ಸಕ್ಕರೆಯನ್ನು ಪಾಕ ಬರಿಸಿ ಬಾದಾಮಿ, ಸಕ್ಕರೆಯಲ್ಲಿ ಪಾಕಗೊಂಡ ಹಣ್ಣು, ಸಾಂಬಾರ ಪದಾರ್ಥಗಳನ್ನು ಕೂಡಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಬೆಲ್ಲದ ಜಾಗದಲ್ಲಿ ಜೇನು ಇದೆ, ಅಂಟು ಇಲ್ಲ, ಆದರೂ ನೀರು ಕಡಿಮೆ ಇದ್ದು ಸಿಹಿ ಗಾಢವಾಗಿದ್ದರೆ ತಿನಿಸು ತಿಂಗಳುಗಟ್ಟಲೆ ಕೆಡುವುದಿಲ್ಲ ಎಂಬ ಅರಿವು ಅಲ್ಲಿಯ ಕೈಗಳಿಗೂ ಇತ್ತು ಎಂಬುದು ನನಗೆ ಸಂತೋಷ ಕೊಟ್ಟಿತು.

ಇನ್ನು ಪಾಕ. ನಾನು ತರಿಸುವುದು ಮಹಾಲಿಂಗಪುರದ ಬೆಲ್ಲ. ಬೆಲ್ಲವನ್ನು ಕುಟ್ಟಿ, ಮುಳುಗದಷ್ಟು ನೀರು ಹಾಕಿ ಕರಗಿಸಿ, ಕಸ ಹೋಗುವಂತೆ ಸೋಸಿ, ದಪ್ಪ ತಳದ ಕಡಾಯಿಯಲ್ಲಿ ಮತ್ತೆ ಕುದಿಸುತ್ತೇನೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟಾಗ ಅದು ಕರಗಿ ಹರಿದರೆ ಪಾಕ ಬಂದಿಲ್ಲ. ಬೆರಳಿನಿಂದ ಒಟ್ಟುಗೂಡಿಸಿದರೆ ಉಂಡೆಯಾಗಿ ನಿಂತು, ಒತ್ತಿದರೆ ಚಪ್ಪಟೆಯಾಗುವಂತಿದ್ದರೆ ಅದೇ ಹದ. ಆ ಉಂಡೆ ತಾಟಿಗೆ ಬಡಿದರೆ ಟಣ್ ಎಂದು ಸದ್ದು ಮಾಡಿತೆಂದರೆ ಅದು ಚಿಕ್ಕಿಯ ಪಾಕ. ಎರಡನೆಯ ವರ್ಷ ನನಗೆ ಆದದ್ದು ಅದೇ. ಹಿಂದಿನ ವರ್ಷದ ಭಯದಲ್ಲಿ ಪಾಕವನ್ನು ಹೆಚ್ಚು ಕಾಯಿಸಿದ್ದರಿಂದ ಕರದಂಟು ಕಲ್ಲಾಗಿ, ಅತ್ತೆಯವರಿಗೆ ಕುಟ್ಟಿ ಪುಡಿ ಮಾಡಿ ಕೊಡಬೇಕಾಯಿತು. ಆಮೇಲೆ ಅಡುಗೆಯ ಉಷ್ಣಮಾಪಕವೊಂದನ್ನು ತರಿಸಿಕೊಂಡು ನಾಲ್ಕೈದು ಸಲ ಹನಿಯ ಪರೀಕ್ಷೆಯ ಜೊತೆಗೆ ಅಳೆದು ನೋಡಿದಾಗ, ನನಗೆ ಬೇಕಾದ ಹದ 116ರಿಂದ 118 ಡಿಗ್ರಿ ಸೆಲ್ಸಿಯಸ್ ನಡುವೆ ಬರುತ್ತದೆ ಎಂದು ತಿಳಿಯಿತು. ಪಾಕದಿಂದ ನೀರು ಆರಿದಂತೆಲ್ಲ ಅದು ಕುದಿಯುವ ಶಾಖ ಏರುತ್ತ ಹೋಗುತ್ತದೆ, ಆದ್ದರಿಂದ ಉಷ್ಣಮಾಪಕ ತೋರಿಸುವುದು ಉಳಿದ ನೀರಿನ ಲೆಕ್ಕವನ್ನೇ. ಆದರೂ ಹನಿಯ ಪರೀಕ್ಷೆಯನ್ನು ನಾನು ಬಿಟ್ಟಿಲ್ಲ, ಏಕೆಂದರೆ ಒಂದು ಅಚ್ಚಿನ ಬೆಲ್ಲ ಇನ್ನೊಂದರಂತೆ ಇರುವುದಿಲ್ಲ.

ಪಾಕ ಹದಕ್ಕೆ ಬಂದಾಗ ಉಳಿದದ್ದೆಲ್ಲ ಪರಾತದಲ್ಲಿ ಬೆರೆತು ಬೆಚ್ಚಗೆ ಕಾದಿರಬೇಕು. ಪದಾರ್ಥ ತಣ್ಣಗಿದ್ದರೆ ಪಾಕ ಅದಕ್ಕೆ ತಾಗಿದ ಕೂಡಲೇ ಬಿಗಿದು, ಅರ್ಧ ಭಾಗ ಒಣ ಪುಡಿಯಾಗಿಯೇ ಉಳಿಯುತ್ತದೆ. ಅರಳಿದ ಅಂಟಿನಲ್ಲಿ ಮುಕ್ಕಾಲು ಪಾಲನ್ನು ಬಟ್ಟಲಿನ ತಳದಿಂದ ಒತ್ತಿ ಪುಡಿ ಮಾಡುತ್ತೇನೆ, ಕಾಲು ಪಾಲನ್ನು ಹಾಗೆಯೇ ಬಿಡುತ್ತೇನೆ. ಕಚ್ಚಿದಾಗ ಅಲ್ಲೊಂದು ಇಲ್ಲೊಂದು ಹರಳು ಮುರಿಯುವ ಗರಿಗರಿ ಇರದಿದ್ದರೆ ಅದನ್ನು ಕರದಂಟು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಪಾಕ ಸುರಿದು ಎರಡು ನಿಮಿಷದೊಳಗೆ ಕಲಸಿ, ತುಪ್ಪ ಸವರಿದ ತಾಟಿಗೆ ಹಾಕಿ, ಬೆರಳಿನ ದಪ್ಪಕ್ಕೆ ತಟ್ಟಿ, ಮೇಲೆ ಹುರಿದ ಗಸಗಸೆ ಉದುರಿಸುತ್ತೇನೆ. ಕಾಲು ತಾಸಿನ ಮೇಲೆ ಚಾಕುವಿನಿಂದ ಗೆರೆ ಎಳೆಯಬೇಕು. ಬಿಡಿಸುವುದು ಮಾತ್ರ ಪೂರ್ತಿ ಆರಿದ ಮೇಲೆ.

ಈಗ ನಾನು ಮಳೆಗಾಲದಲ್ಲಿ ಕರದಂಟಿಗೆ ಕೈ ಹಾಕುವುದಿಲ್ಲ. ದೀಪಾವಳಿ ಮುಗಿದು ಗಾಳಿ ಒಣಗಿದ ಮೇಲೆ ಅಂಟನ್ನು ಮಾಳಿಗೆಗೆ ಒಯ್ಯುತ್ತೇನೆ. ಒಂದೊಂದು ತುಂಡನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿಟ್ಟರೆ ಸಂಕ್ರಾಂತಿಯವರೆಗೆ ಅಂಟಿನ ಗರಿ ಹಾಗೆಯೇ ಇರುತ್ತದೆ. ಕಳೆದ ಕಾರ್ತಿಕದಲ್ಲಿ ಮಾಡಿದಾಗ, 2014ರಲ್ಲಿ ಹುಟ್ಟಿದ ಮೊಮ್ಮಗಳು ಪಕ್ಕದಲ್ಲಿ ಕುಳಿತು, ನಾನು ಕರಿದು ತೆಗೆದ ಪ್ರತಿ ಹಿಡಿಯಿಂದಲೂ ಒಂದು ಹರಳನ್ನು ಆರಿಸಿ ಒತ್ತಿ ನೋಡುತ್ತಿದ್ದಳು. ಐದನೆಯ ಹಿಡಿಯಲ್ಲಿ ಒಂದು ಗಟ್ಟಿ ಹರಳು ಸಿಕ್ಕಿತು. "ಅಮ್ಮಾ, ಇದು ಇನ್ನೂ ಹಸಿ ಅದ" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟಳು. ಆ ಹಿಡಿಯನ್ನು ಮತ್ತೆ ತುಪ್ಪಕ್ಕೆ ಬಿಟ್ಟೆ.